ಕೈಗೆ ಮಸಿ ಹತ್ತಲಾರದ ಬಾರೂದ

ಅಲ್ಲ, ಬಂದೂಕು ನಮ್ಮ ಮಾವಂದು, ನಿಮ್ಮ ಮುತ್ಯಾನ ಅಪ್ಪಂದು, ಮುತ್ಯಾಂದಲ್ಲ. ಮಾವ ಸತ್ತ ಮ್ಯಾಲ ಮುತ್ಯಾನ ಕೈಗೆ ಬಂತು. ಅಷ್ಟೊತ್ತಿಗೆ ನಾರಾಯಣಪುರದ ಕಾಲುವಿ ನೀರು ನಮ್ಮ ಕೆಂಭಾವಿ ಕಡಿಗೆ ಬಂದಿತ್ತು ನೋಡ್ರಿ, ಜ್ವಾಳದ ಹೊಲದಾಗೆಲ್ಲ ನೆಲ್ಲು ನಿಂತಿತ್ತು, ನೆಲ್ಲಿನ ಹಿಂದ ಕಾಡಹಂದಿ. ನೀರು ಬಂತಂತ ನಾವು ಕುಣಿದಿದ್ವಿ, ಹಂದೀನೂ ಕುಣೀತಾವಂತ ಯಾರಿಗೆ ಗೊತ್ತಿತ್ತು. ಕಾರ್ತೂಸು ತುಂಬೋದು ಮನ್ಯಾಗ ನನ್ನ ಕೆಲಸ. ನಗಬ್ಯಾಡ್ರಿ. ಮಾವನ ಕೈ ನಡುಗ್ತಿದ್ವು, ಅದಕ್ಕ ನನಗ ಕಲಿಸಿದ್ದ. ಹಾರಿಸಿದ ಹಿತ್ತಾಳಿ ಕಾರ್ತೂಸು ತೊಳದು, ಒಣಗಿಸಿ, ಬುಡಕ್ಕ ಹೊಸಾ ಕೇಪು ಕೂಡಿಸಿ, ಬಾರೂದ ಅಂದ್ರ ಮದ್ದು ಹಾಕಿ, ಕಂಬಳಿ ತುಂಡು ಒತ್ತಿ, ಸೀಸದ ಕಾಳು ಛರ್ರಾ ತುಂಬೋದು. ಮಾವ ಒಂದ ಮಾತು ಹೇಳ್ತಿದ್ದ, ‘ನಮ್ಮ ಬಾರೂದ ಮುಟ್ಟಿದ್ರ ಹಂಚಿನ ಮಸಿ ಹತ್ತಿದಂಗ ಹತ್ತತದವ್ವಾ. ಹತ್ತಲಾರದ್ದು ಬಂತಂದ್ರ ತುಂಬಬ್ಯಾಡ. ಅದರ ಜೋರು ಈ ಹಳೀ ನಳಿಗಿ ತಡ್ಯಂಗಿಲ್ಲ, ಒಡದು ಮಾರಿಗೆ ಬರ್ತದ.’

ಆ ವರ್ಷ ನೆಲ್ಲು ಕೊಯ್ಯಾಕತ್ತಿದ್ವಿ, ಅಲ್ಲಲ್ಲ, ಕೊಯ್ಯಾಕ ಇನ್ನಾ ನಾಕ ದಿನ ಇತ್ತು, ಬಾರೂದ ತೀರಿತು. ಮುತ್ಯಾ ಸುರಪುರಕ್ಕ ಹೋಗಿ ಯಾವುದೋ ಹಳೇ ಮನಿ ಅಟ್ಟದ ಮ್ಯಾಲಿನ ಡಬ್ಬಿ ತಂದ. ಜಂಗು ಹತ್ತಿ ಹೆಸರೆಲ್ಲ ಅಳಿಸಿ ಹೋಗಿತ್ತು. ಚಿಟಿಕಿ ತಗದು ಬೆರಳಾಗ ತಿಕ್ಕಿದೆ. ಬೂದಿ ಬಣ್ಣದ ಸಣ್ಣ ಸಣ್ಣ ಹಳಕು, ಬೆರಳು ಸ್ವಚ್ಛ. ಇದು ನಮ್ಮದಲ್ಲ ಅಂದೆ. ‘ಬಾರೂದಂದ್ರ ಬಾರೂದನ. ನೀ ಏನು ಫೌಜಿನಾಗಿಂದ ಬಂದಿಯೇನು? ತುಂಬು,’ ಅಂದ. ನಾನೂ ಇನ್ನೊಂದ ಸಲ ಹೇಳಲಿಲ್ಲ. ಸಿಟ್ಟು, ಅಂಜಿಕಿ, ಎರಡೂ. ಹಿತ್ತಲಕ್ಕ ಹೋಗಿ ಡಬ್ಬಿ ತಿಪ್ಪ್ಯಾಗ ಸುರುವಿ ನೀರು ಹೊಯ್ದೆ, ಮನ್ಯಾಗಿದ್ದ ನಾಕೂ ಕಾರ್ತೂಸಿಗೆ ಒಲಿ ಬೂದಿ ತುಂಬಿ ಕೊಟ್ಟೆ. ಹಾರಲಿಲ್ಲಂದ್ರ ಬಾರೂದ ತಂಪು ಹಿಡದದ ಅಂತ ಬೈಕೋತ ಮನಿಗೆ ಬರ್ತಾನ, ಜೀವ ಉಳೀತದ, ಅಷ್ಟ ನನ್ನ ವಿಚಾರ.

ಕೊಯ್ಯೋ ದಿನ ಬಂತು. ನಡೂ ಹಗಲು. ಕೊಯ್ಕೋತ ಕೊಯ್ಕೋತ ಕಡೀ ಪಟ್ಟಿ ಉಳೀತು, ಹಂದಿ ಅದರಾಗ ಅಡಗಿತ್ತು. ಕೊಯ್ಯೋ ಹೆಣ್ಮಕ್ಕಳೆಲ್ಲ ಹಿಂದ ಸರದ್ರು, ಮುತ್ಯಾ ಮುಂದ ಹೋಗಿ ನಿಂತ, ಕೈಯಾಗ ಬಂದೂಕು ಅದಲ್ಲ, ಧೈರ್ಯ. ನಾ ಬದುವಿನ ಮ್ಯಾಲ ಬುತ್ತಿ ಗಂಟು ಹಿಡಕೊಂಡು ನಿಂತಿದ್ದೆ. ಬ್ಯಾಡ, ಅದರಾಗ ಬಾರೂದ ಇಲ್ಲ ಅಂತ ಒದರಬೇಕಂದೆ, ಮಂದಿ ಮುಂದ ನಾಲಿಗಿ ಏಳಲಿಲ್ಲ. ಕೇಪು ಚಟ್ ಅಂತು, ಅಷ್ಟ. ಹಂದಿ ಅವನ ತೊಡಿ ಸೀಳಿ ಹೋತು.

ಶಹಾಪುರದ ದವಾಖಾನ್ಯಾಗ ಮೂರನೇ ದಿನ ನಾನ ಹೇಳಿದೆ, ಬೂದಿ ತುಂಬಿದಾಕಿ ನಾನ ಅಂತ. ಗ್ವಾಡಿ ಕಡಿಗೆ ಮಾರಿ ತಿರುವಿದ. ‘ಇನ್ನೊಂದ ಸಲ ಹೇಳಿದ್ರ ಕೇಳ್ತಿದ್ದೆ,’ ಅಂದ. ಕೇಳ್ತಿದ್ದನೋ ಇಲ್ಲೋ, ದೇವರಿಗೇ ಗೊತ್ತು. ಸಾಯೋ ತನಕಾ ಕುಂಟಿದ, ಒಮ್ಮೆನೂ ಆಡಿ ತೋರಿಸಲಿಲ್ಲ. ಬೈದಿದ್ರ ಹಗುರ ಆಗ್ತಿತ್ತು ನನಗ. ಇದನ್ನ ಹೊತ್ತು ಹೊತ್ತು ಸಾಕಾಗೇದ. ಅಂಜಿಕಿ ಬಂದ್ರ ಬಾಯಿಬಿಟ್ಟು ಹೇಳ್ರಿ, ಬೈದ್ರೂ ಇನ್ನೊಂದ ಸಲ ಹೇಳ್ರಿ. ಏಳ್ರಿ ಇನ್ನ, ಉಣ್ಣಾಕ.