ಸಾಕ್ಷಿಗೆ ಚಿಕ್ಕೋಳೇ ಬೇಕಂತೆ

...ಅಷ್ಟೇನಾ? ಅಪ್ಪನ ವಿಲ್ ಇರೋ ಒಂದು ಕವರ್ ಇಸ್ಕೊಂಡು ಬರೋಕೆ ಇಷ್ಟು ಹೊತ್ತಾ! ಬಾ, ಈ ಕಡೆ ಕೂತ್ಕೋ. ಆ ಕಡೆ ಬೆಂಚಿನ ಕಾಲು ಅಲ್ಲಾಡುತ್ತೆ. ಕೊಡೆ ಅಲ್ಲಿ ಬೋರ್ಡಿನ ಮೊಳೆಗೆ ಹಾಕಿದೀನಿ, ಹೋಗುವಾಗ ನೆನಪಿಸು.

ನೋಟರಿ ಏನಂದ್ರು? ...ಹೇಳಲ್ವಾ? ಸರಿ ಬಿಡು, ಅವರು ಬಾಯಿ ಬಿಡೋಕೂ ಒಂದು ರೇಟ್ ಇರುತ್ತೆ! ನೀನು ಬರೋವರೆಗೂ ಆ ಬೋರ್ಡೇ ಓದ್ತಾ ಕೂತಿದ್ದೆ. ಸಹಿ ದೃಢೀಕರಣಕ್ಕೆ ನೂರು. ಪ್ರಮಾಣಪತ್ರಕ್ಕೆ ಇನ್ನೂರು. ವಿಲ್‌ಗೆ ಐನೂರು. ಮನೆಗೆ ಬಂದ್ರೆ ದುಪ್ಪಟ್ಟು! ಅದಕ್ಕೇ ಅಲ್ವಾ ಅಪ್ಪನ್ನ ಆ ಸ್ಥಿತೀಲೂ ಬಾಡಿಗೆ ಗಾಡೀಲಿ ಇಲ್ಲಿಗೆ ಹೊತ್ಕೊಂಡು ಬಂದಿದ್ದು. ಎರಡು ಸೀಲು ಕುಟ್ಟೋಕೆ ಐನೂರು! ನಾನು ದಿನವಿಡೀ ಮಿಷನ್ ತುಳಿದ್ರೂ ಅಷ್ಟು ಹುಟ್ಟಲ್ಲ.

ನಗಲ್ವಾ? ಯಾವಾಗ್ಲೂ ನಗ್ತಿದ್ದೆಯಲ್ಲ ನನ್ನ ಮಾತಿಗೆ.

ಹೋಗ್ಲಿ. ಮನೆ ನಿನಗೇ ತಾನೇ? ಹೇಳೇ, ನನಗೇನೂ ಹೊಟ್ಟೆಕಿಚ್ಚಿಲ್ಲ. ಇಲ್ಲ ಕಣೇ, ಇಲ್ಲ! ...ಸರಿ, ಇದೆ. ಇದೆ ಅಂತಾನೇ ಇಟ್ಕೋ! ಹನ್ನೊಂದು ವರ್ಷ ಅಪ್ಪನಿಗೆ ಸ್ನಾನ ಮಾಡಿಸಿದವಳು ನಾನು. ಉಗುರು ತೆಗೆದವಳು ನಾನು. ನೀನು ಭಾನುವಾರ ಬಂದು ಮಂಚದ ತುದೀಲಿ ಕೂತು ಎರಡು ಮಾತಾಡಿದ್ರೆ ಅವರ ಮುಖ ಹೇಗೆ ಅರಳೋದು! ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಆ ಗಿಡ ನಾನು.

ವಿಲ್ ಮಾಡಿಸ್ಬೇಕು ಅಂದಾಗ ಏನಂದ್ರು? 'ಸಾಕ್ಷಿಗೆ ಚಿಕ್ಕೋಳು.' ಜೆರಾಕ್ಸ್ ಅಂಗಡಿಯೋನು ಒಬ್ಬ, ಚಿಕ್ಕೋಳು ಒಬ್ಬಳು. ನಾನು ಯಾತಕ್ಕೆ? ಗಾಡಿ ಕರೆಯೋಕೆ! ನಂಬಿಕೆ ಇರೋರ ಹತ್ರ ತಾನೇ ಸಾಕ್ಷಿ ಹಾಕಿಸ್ಕೊಳ್ಳೋದು?

ಹೂಂ... ಆಮೇಲೆ ಅಪ್ಪನೇ ಮನಸ್ಸು ಬದಲಾಯಿಸಿದ್ರು ಅನ್ನು. ನೋಡಿದ್ಯಲ್ಲ, ಸಾಕ್ಷಿ ಜಾಗದಲ್ಲಿ ನನ್ನ ಸಹಿ ಇದೆ. ಅವರೇ ಕರೆದು, 'ನೀನೇ ಹಾಕಮ್ಮಾ, ದೊಡ್ಡೋಳೇ' ಅಂದ್ರು.

ಯಾಕೆ ಹಾಗೆ ನೋಡ್ತೀಯ? ಅಂದ್ರು ಕಣೇ. ...ಹಾಗೆ ನೋಡ್ಬೇಡ ಅಂದೆ. ...ಅನ್ಲಿಲ್ಲ. ಆಯ್ತಾ? ಅನ್ಲಿಲ್ಲ! ಬುಧವಾರದ ವಿಲ್ ಕೆಲಸ ಶುಕ್ರವಾರಕ್ಕೆ ಹೋಗಿದೆ ಅಂತ ನಿನಗೆ ಫೋನ್ ಮಾಡಿದ್ನಲ್ಲ, ಸುಳ್ಳು ಅದು. ಬುಧವಾರಾನೇ ಬಂದ್ವಿ. ನೋಟರಿ ನನ್ನ ಹೊರಗೆ ಕೂರಿಸಿ, ಮುಕ್ಕಾಲು ಗಂಟೆ ಅಪ್ಪನ್ನ ಕೇಳಿ ಕೇಳಿ ಬರೆಸಿ, ಕೋರ್ಟಿಗೆ ಓಡಿದ್ರು. ಗುಮಾಸ್ತ 'ಇನ್ನೊಂದು ಸಾಕ್ಷಿ ಎಲ್ಲಿ' ಅಂದ. ನಾನೇ ಅಂದೆ. 'ನೀವು ಇವರಿಗೆ ಏನಾಗ್ಬೇಕು?' ಪಕ್ಕದ ಮನೆಯವಳು ಅಂದೆ. 'ಇದರಲ್ಲಿ ನಿಮಗೇನಾದ್ರೂ ಬರುತ್ತಾ?' ಅಯ್ಯೋ, ಪಕ್ಕದ ಮನೆಯವಳಿಗೆ ಏನಪ್ಪಾ ಬರುತ್ತೆ, ಅಂದೆ. ಮಗಳಾದ್ರೂ ನನಗೇನು ಬರೋದು ಅಂತ ಮನಸ್ಸಲ್ಲೇ ಅನ್ಕೊಂಡೆ.

ಅಪ್ಪ... ಬಾಯಿ ತೊದಲೋ ಮನುಷ್ಯ, 'ಬೇಡ' ಅನ್ನೋದನ್ನ ಮಾತ್ರ ಎಷ್ಟು ಸ್ಪಷ್ಟವಾಗಿ ಅಂದ್ರು ಗೊತ್ತಾ! 'ಬೇಡ, ನೀನು ಬೇಡ.' ಪೆನ್ನು ಹಿಡಿದ ನನ್ನ ಕೈನ ಗಟ್ಟಿಯಾಗಿ ಹಿಡ್ಕೊಂಡ್ರು. ಗುಮಾಸ್ತ ತಲೆ ಎತ್ತಿದ. 'ಊಟ, ಮಾತ್ರೆ, ಎಲ್ಲದಕ್ಕೂ ಬೇಡ ಅಂತಾರೆ ಇವರು' ಅಂತ ನಕ್ಕೆ. ಕೈ ಬಿಡಿಸ್ಕೊಂಡು ಸಹಿ ಹಾಕ್ಬಿಟ್ಟೆ. ಅಷ್ಟು ಉರಿದುಹೋಗಿತ್ತು ನನಗೆ.

ಅಲ್ಲಿಂದ ಎಂಟೇ ದಿನ ಇದ್ದಿದ್ದು. ಎಂಟೂ ದಿನ, 'ಚಿಕ್ಕೋಳ್ನ ಕರಿ, ಮತ್ತೆ ಹೋಗೋಣ, ಮತ್ತೆ ಹೋಗೋಣ.' ಕರೀಲಿಲ್ಲ ನಾನು. ನಿನಗೆ ಪುರುಸೊತ್ತಿಲ್ಲ ಅಂದೆ. ನನ್ನ ಕೈತುತ್ತು ಬಾಯಲ್ಲಿಟ್ಕೊಂಡೇ ನಿನ್ನ ಜಪ ಮಾಡೋರು!

ಅಳ್ತಿದ್ದೀಯಾ? ಬೇಡ ಕಣೇ... ಮನೆ ನೀನೇ ಇಟ್ಕೋ. ನೀನಾದ್ರೆ ಮಾರಲ್ಲ. ಅಣ್ಣನ ಕೈಗೆ ಸಿಕ್ರೆ ಮುಗೀತು, ಆಗ್ಲೇ ದಲ್ಲಾಳಿನ ಕರ್ಕೊಂಡು ಬಂದು ಗೋಡೆ ಗೋಡೆಗೂ ಟೇಪು ಹಿಡಿದಿದಾನೆ. ಮುಂದಿನ ರೂಮಲ್ಲಿ ನನ್ನ ಮಿಷನ್ ಇರೋಕೆ ಜಾಗ ಕೊಡು, ಸಾಕು.

ಏನು? ಕವರ್ ನನಗ್ಯಾಕೆ? ನೀನೇ ಓದಬಾರದಾ... ತಾ ಇಲ್ಲಿ. 'ನಾನು ವಾಸವಿರುವ ಮನೆಯನ್ನು... ಪೂರ್ತಿಯಾಗಿ... ನನ್ನನ್ನು ಮಗುವಿನಂತೆ ನೋಡಿಕೊಂಡ ಹಿರಿಯ ಮಗಳಿಗೆ...'

ನನಗಾ?

ಏ, ಪೂರ್ತಿ ನನಗಾ? ನಿನಗೇನೂ ಇಲ್ವಾ? ...ಓಹೋ. ಈಗ ಗೊತ್ತಾಯ್ತು ಅಳು ಯಾಕೆ ಅಂತ! ಉರೀತಾ? ಹನ್ನೊಂದು ವರ್ಷ ನಾನೂ ಹೀಗೇ ಉರಿದಿದ್ದು! ...ಎಲ್ಲಿಗೆ ಎದ್ದೆ? ಮಾತಾಡೇ! ನನ್ನ ಕೊಡೆ ಯಾಕೆ ತೆಗೀತೀಯ? ಇರ್ಲಿ ಬಿಡೇ, ಅವತ್ತೂ ಅದೇ ಮೊಳೆಗೇ ಹಾಕಿದ್ದೆ... ಏನು, ಕೊಡೆ ಮರೆಮಾಡಿದ್ದ ಬೋರ್ಡಿನ ಕೆಳಗಿನ ಸಾಲಾ? ಓದ್ತೀನಿ ಇರು.

'ವಿಲ್‌ನಿಂದ ಆಸ್ತಿ ಪಡೆಯುವವರು... ಸಾಕ್ಷಿ ಹಾಕಬಾರದು. ಹಾಕಿದಲ್ಲಿ... ಅವರಿಗೆ ಬರೆದದ್ದು ಅವರಿಗೆ ಸಲ್ಲುವುದಿಲ್ಲ.'

...ಅಂದ್ರೆ? ಅಂದ್ರೆ ಮನೇಲಿ ಅಣ್ಣನಿಗೂ ಪಾಲು, ಅವನ ಟೇಪು...

ಅದಕ್ಕಾ ನೀನು ಬೇಕಾಗಿದ್ದು? ಅದಕ್ಕಾ ಮತ್ತೆ ಹೋಗೋಣ ಅಂತಿದ್ದಿದ್ದು?

ಏನಾದ್ರೂ ಅನ್ನೇ. ಬೈದಾದ್ರೂ ಬಿಡೇ...

ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ರು ಗೊತ್ತಾ, ಸಣಕಲು ಕೈ... ಬೆರಳು ಒಂದೊಂದಾಗಿ ಬಿಡಿಸ್ದೆ ಕಣೇ. ನಾನೇ ಬಿಡಿಸ್ದೆ.