ಕೆಂಪು ನಕ್ಷತ್ರಕ್ಕಾಗಿ ಅರ್ಧಕ್ಕೆ ನಿಂತ ನಮ್ಮ ಲಗ್ನ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಊಟದ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ಶಿಗ್ಗಾಂವದ ನಮ್ಮ ಕಾಲೇಜಿಗೆ ನಕ್ಷತ್ರ ನೋಡುವ ದುರ್ಬೀನು ಬಂದಿದೆ. ಭೌತಶಾಸ್ತ್ರದ ಮಾಸ್ತರನಾದ ನಾನು ಅದರ ಬಗ್ಗೆ ನಾಲ್ಕು ಮಾತಾಡಬೇಕಂತೆ. ನಕ್ಷತ್ರ ಕೆಂಪಗೇಕೆ? ಅದರ ಮೈ ಉಳಿದವಕ್ಕಿಂತ ತಂಪು. ಮಸುಕೇಕೆ? ಬಲು ದೂರ. ಇಷ್ಟನ್ನು ತರಗತಿಯಲ್ಲಿ ಹೇಳಿದ್ದರೆ ಸಾಕಿತ್ತು. ನಾನು ನನ್ನ ಲಗ್ನದಲ್ಲಿ ಹೇಳಿದೆ.

ಎಪ್ಪತ್ತೊಂದರಲ್ಲಿ ಹಿರೇಬೆಂಡಿಗೇರಿಯಲ್ಲಿ ಅಕ್ಕಿಕಾಳು ಬಿದ್ದು, ಅರುಂಧತಿ ತೋರಿಸುವ ಹೊತ್ತಾಯಿತು. ಎಲ್ಲರ ಲಗ್ನದಲ್ಲಿ ಏನಾಗುತ್ತದೆ? ಮಟಮಟ ಮಧ್ಯಾಹ್ನ ವರ ಬೆರಳೆತ್ತುತ್ತಾನೆ, ವಧು ‘ಕಂಡತ್ರಿ’ ಎನ್ನುತ್ತಾಳೆ, ಎಲೆ ಹಾಕುತ್ತಾರೆ. ನಮ್ಮದು ಸಂಜೆಯ ಮುಹೂರ್ತ. ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದ ನಾನು, ‘ಅರುಂಧತಿ ಇನ್ನೂ ಮೇಲೆದ್ದಿಲ್ಲ’ ಎಂದು ಹೇಳಿ, ಪುಸ್ತಕದಲ್ಲಿ ಓದಿದ್ದ ಒಂದು ಕೆಂಪು ನಕ್ಷತ್ರದತ್ತ ಬೆರಳು ಮಾಡಿದೆ. ಅದು ಬರಿಗಣ್ಣಿಗೆ ಕಾಣುವುದಿಲ್ಲವೆಂಬುದು ಮುಂದಿನ ಪುಟದಲ್ಲಿತ್ತು.

“ನನಗ ಕಾಣವಲ್ದರಿ,” ಎಂದಳು ಮದುಮಗಳು ವೀರವ್ವ.

ಓರೆಗಣ್ಣಿನಿಂದ ನೋಡಿದರೆ ಕಂಡೀತು ಎಂದೆ. ಇಡೀ ಹಂದರವೇ ಓರೆಯಾಗಿ ನೋಡಿತು. ಬೀಗರು ಅಂದು ಬಿಟ್ಟ ಓರೆಗಣ್ಣು ಇಂದಿಗೂ ನೆಟ್ಟಗಾಗಿಲ್ಲ. ಅವಳ ಸೋದರಮಾವ ಚೌಡಪ್ಪನವರಿಗೆ ಮಾತ್ರ ಕೆಂಪಗೇನೋ ಕಂಡಿತು. ಅದು ನಮ್ಮ ಕಡೆಯವರನ್ನು ಇಳಿಸಿ ವಾಪಸ್ ಹೊರಟ ಬಸ್ಸಿನ ಹಿಂದಿನ ದೀಪ.

“ಕಂಡತು ಅನ್ನವಾ, ಅನ್ನ ಆರಾಕತ್ತೇತಿ,” ಎಂದರು ಹಿರಿಯರು.

“ಕಾಣದ್ದನ್ನ ಕಂಡತು ಅಂತ ಹೆಂಗ ಹೇಳ್ಲಿ?”

ಕಡೆಗೆ ಲಗ್ನ ಮಾಡಿಸುತ್ತಿದ್ದ ಅಯ್ಯನವರು, ‘ಕಂಡಾಗ ಹೇಳಲಿ’ ಎಂದು ಎಲೆ ಹಾಕಿಸಿದರು. ಅಂದಿನಿಂದ ಮನೆಯಲ್ಲಿ ನಾನು ದನಿ ಏರಿಸಿದಾಗಲೆಲ್ಲ ಆಕೆಯದು ಒಂದೇ ಮಾತು: “ಸುಮ್ನ ಕುಂದರ್ರಿ. ನಮ್ಮ ಲಗ್ನ ಇನ್ನೂ ಪೂರ್ತಿ ಆಗಿಲ್ಲ.” ನಗಬೇಡಿ. ಹದಿನೈದು ವರ್ಷ ಈ ಮಾತು ಕೇಳಿದ ಗಂಡಸಿಗೆ ಒಳಗೊಳಗೇ ಭಯ ಇರುತ್ತದೆ.

ಈಗಷ್ಟೇ, ಸಭೆಗೆ ಮುಂಚೆ, ಕಾಲೇಜಿನ ಮಾಳಿಗೆಯ ಮೇಲೆ ದುರ್ಬೀನಿನಲ್ಲಿ ಅದೇ ನಕ್ಷತ್ರ ಹಿಡಿದು ಆಕೆಯನ್ನು ಕರೆದೆ. ಬಹಳ ಹೊತ್ತು ನೋಡಿದಳು.

“ಕಂಡತ್ರಿ,” ಎಂದಳು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಸೆರಗು ಸರಿಮಾಡಿಕೊಂಡು, “ಅವತ್ತ ನಿಮ್ಮ ಮಾರಿನೂ ನೋಡಿರಲಿಲ್ಲ. ಈಗ ಇಷ್ಟು ವರ್ಷ ನಿಮ್ಮನ್ನ ನೋಡೇನಿ. ಲಗ್ನದ್ದು ಇಚಾರ ಮಾಡಿ ಹೇಳ್ತೇನಿ,” ಎಂದಳು.

ಸಭಿಕರೇ, ಮೊದಲನೇ ಸಾಲಿನಲ್ಲಿ ಕೂತಿದ್ದಾಳೆ, ಇನ್ನೂ ವಿಚಾರ ಮಾಡುತ್ತಿದ್ದಾಳೆ. ದುರ್ಬೀನು ತರಿಸಿದವರಿಗೆ ನಾನು ಋಣಿ. ಯಾರೂ ಉಣ್ಣದೆ ಹೋಗಬೇಡಿ. ಆಕೆ ಹೂಂ ಅಂದರೆ ಅದೇ ನಮ್ಮ ಲಗ್ನದೂಟ. ನಮಸ್ಕಾರ.