ಏಳನೇ ನಂಬರಿನ ಕರು

ಅಲ್ಲ ಕಣೇ ಅಕ್ಕಾ, ನಾನು ಹೊರದೇಶಕ್ಕೆ ಓದೋಕೆ ಹೊರಟಾಗ "ಇವಳ ಕೈಲಿ ಏನಾಗುತ್ತೆ, ಮೂರು ತಿಂಗಳಿಗೆ ಮೂಗು ಒರೆಸ್ಕೊಂಡು ವಾಪಸ್ ಬರ್ತಾಳೆ" ಅಂದಿದ್ದು ಯಾರು? ನೀನೇ ತಾನೇ? ಈಗ ಮರೆತುಹೋಯ್ತಾ? ನನಗೆ ಮರೆತಿಲ್ಲ. ಆಗ ನೀನು ಬಟಾಣಿ ಸುಲೀತಿದ್ದೆ. ತಲೆ ಕೂಡ ಎತ್ತಲಿಲ್ಲ.

ಆ ಕಾಗದ ಮೇಜಿನ ಮೇಲೆ ಇಡಬೇಡ, ಅಯೋಡಿನ್ ಚೆಲ್ಲಿದೆ. ಮಡಚಿ ಚೀಲಕ್ಕೆ ಹಾಕ್ಕೋ. ಸಹಿ ಹಾಕಲ್ಲ ಅಂದ್ರೆ ಹಾಕಲ್ಲ. "ಅವತ್ತು ಸಫಾರಿಯಲ್ಲಿ ಕೂಗಿದ್ದು ನನ್ನ ಅಕ್ಕನ ಮಗಳಲ್ಲ" ಅಂತ ನಾನು ಬರೆದುಕೊಡಬೇಕು. ಆಗ ಆ ವಿಶ್ವವಿದ್ಯಾಲಯದವರು ಅವಳನ್ನ ಮತ್ತೆ ಸೇರಿಸ್ಕೋತಾರೆ. ಅಷ್ಟೇ ತಾನೇ? ಪಕ್ಕದಲ್ಲಿ ಕೂತಿದ್ದವಳು ನಾನು. ಸುಳ್ಳು ಹೇಗೆ ಬರೀಲಿ?

ಬಾಗಿಲ ಕಡೆ ಏನು ನೋಡ್ತೀಯ? ಬಂದಿದ್ದೀಯಲ್ಲ, ಕೂತ್ಕೋ. ಈ ನಾಯಿ ಕಾಲಿನ ಕಟ್ಟು ಬದಲಾಯಿಸೋವರೆಗೆ ನಾನೂ ಎಲ್ಲಿಗೂ ಹೋಗೋ ಹಾಗಿಲ್ಲ. ಕಚ್ಚಲ್ಲ, ಹೆದರಬೇಡ. ಚಿಕ್ಕಂದಿನಿಂದ ಅದೇ ಪುಕ್ಕಲು ನಿಂದು.

ಹನ್ನೊಂದು ವರ್ಷ ಪಶುವೈದ್ಯರ ಹತ್ತಿರ ನೆಲ ಒರೆಸಿದೆ. ಔಷಧಿ ಬಾಟಲಿ ಮೇಲಿನ ಚೀಟಿ ಓದೀ ಓದೀ ಇಂಗ್ಲಿಷ್ ಕಲಿತೆ. ಡಾಕ್ಟರು ಮೊದಲು ನಕ್ಕರು, ಆಮೇಲೆ ಹಳೇ ಪುಸ್ತಕ ಕೊಟ್ಟರು. ನಲವತ್ತೊಂದನೇ ವಯಸ್ಸಿಗೆ ಹೊರದೇಶದಲ್ಲಿ ಪ್ರಾಣಿ ಆರೈಕೆಯ ಒಂದು ವರ್ಷದ ಓದಿಗೆ ಸೀಟು ಸಿಕ್ತು ನನಗೆ. ಅದೇ ವರ್ಷ ನಿನ್ನ ಮಗಳಿಗೂ ಅಲ್ಲೇ ಸಿಕ್ತು ನೋಡು, ಆಗ ನಿನ್ನ ರಾಗ ಬದಲಾಯ್ತು. "ಚಿಕ್ಕಮ್ಮ ಜೊತೇಲಿದ್ರೆ ನನಗೆ ನಿಶ್ಚಿಂತೆ" ಅಂದೆ. ಕೈಲಾಗದ ಚಿಕ್ಕಮ್ಮ ಇದ್ದಕ್ಕಿದ್ದ ಹಾಗೆ ಕಾವಲುಗಾರ್ತಿ ಆದಳು.

ನಗು, ನಗು. ಕಹಿ ನಗು ಅಂತ ಗೊತ್ತಾಗುತ್ತೆ ನನಗೆ.

ಓದಿನ ಜೊತೆ ಸ್ವಯಂಸೇವೆ ಕಡ್ಡಾಯ. ನಮ್ಮಿಬ್ಬರನ್ನೂ ತಬ್ಬಲಿ ಕಾಡುಪ್ರಾಣಿಗಳ ಆಶ್ರಯಕ್ಕೆ ಹಾಕಿದರು. ತಾಯಿ ಸತ್ತ ಮರಿಗಳನ್ನ ಸಾಕಿ, ದೊಡ್ಡದಾದ ಮೇಲೆ ಕಾಡಿಗೆ ಬಿಡೋ ಜಾಗ. ಅಲ್ಲಿ ಒಂದೇ ಕಟ್ಟಳೆ: ಮರಿ ಎದುರು ಬಾಯಿ ಬಿಡೋ ಹಾಗಿಲ್ಲ. ಹೆಸರಿಡೋ ಹಾಗಿಲ್ಲ, ನಂಬರ್ ಅಷ್ಟೇ. ಸಗಣಿ ಮೆತ್ತಿದ ಗೋಣಿ ಅಂಗಿ ಹಾಕ್ಕೊಂಡು, ಹಲಗೆ ತೂತಿನಿಂದ ಹಾಲಿನ ಬಾಟಲಿ ತೂರಿಸ್ಬೇಕು. ಮುಖ ಕಾಣಬಾರದು, ದನಿ ಕೇಳಬಾರದು. "ಮನುಷ್ಯರ ದನಿ ಅಂದ್ರೆ ಹಾಲು ಅಂತ ಕಲಿತ ಪ್ರಾಣಿ ಕಾಡಲ್ಲಿ ಬಾಳಲ್ಲ" ಅಂತ ಮೇಲ್ವಿಚಾರಕಿ ದಿನಾ ಬೆಳಿಗ್ಗೆ ಹೇಳೋಳು.

ನನ್ನ ಪಾಲಿಗೆ ಬಂದಿದ್ದು ಏಳನೇ ನಂಬರು. ಕಾಡೆಮ್ಮೆ ಕರು, ಹೆಣ್ಣು. ಮೂರು ದಿನ ತೊಟ್ಟು ಹಾಲು ಕುಡೀಲಿಲ್ಲ. ಕಣ್ಣಿಗೆ ನೊಣ ಮುತ್ತಿದ್ರೂ ರೆಪ್ಪೆ ಆಡಿಸ್ತಿರಲಿಲ್ಲ. ಎಲ್ಲರೂ ಕೈಬಿಟ್ರು. ನಾಲ್ಕನೇ ದಿನ ನಾನು ಕುಡಿಸ್ದೆ. ಹೇಗೆ ಅಂದ್ರೆ? ಬೆರಳು ಹಾಲಲ್ಲಿ ಅದ್ದಿ ನೆಕ್ಕಿಸ್ದೆ. ಕೈಗುಣ. ಅಮ್ಮ ಎಮ್ಮೆ ಕಟ್ಟಿದ್ದಳಲ್ಲ, ನಾನು ಕೊಟ್ಟಿಗೆಯಲ್ಲೇ ಬೆಳೆದವಳು. ನೀನು ಎಮ್ಮೆ ಕಂಡ್ರೆ ಅಟ್ಟ ಹತ್ತೋಳು.

ಹತ್ತು ತಿಂಗಳಿಗೆ ಅದನ್ನ ಕಾಡಿಗೆ ಬಿಟ್ಟರು. ಅದೇನು ಅಳ್ತಾ ನಿಂತಿದ್ದೆನಾ? ನಾನಾ? ನಿನ್ನ ಮಗಳು ಆಗ ಫೋನಲ್ಲಿ ಹೇಳಿದ್ದಾ ಅದು? ಇಲ್ಲಮ್ಮ. ಕಣ್ಣಿಗೆ ಧೂಳು ಬಿದ್ದಿತ್ತು.

ಕೊನೇ ವಾರ ಸ್ವಯಂಸೇವಕರನ್ನೆಲ್ಲ ಸಫಾರಿಗೆ ಕರ್ಕೊಂಡು ಹೋದರು. ತೆರೆದ ಜೀಪು. ಮುಂದೆ ಚಾಲಕ, ಅವನ ಪಕ್ಕ ಬಂದೂಕು ಹಿಡಿದ ರಕ್ಷಕ, ನಡುವೆ ಮೂರು ಜನ ವಿದ್ಯಾರ್ಥಿಗಳು. ಹಿಂದಿನ ಸೀಟಲ್ಲಿ ನಾನೂ ನಿನ್ನ ಮಗಳೂ. ಸದ್ದು ಮಾಡಬಾರದು ಅಂತ ಮೂರು ಸಲ ಹೇಳಿದ್ರು. ಕೆರೆ ಅಂಚಲ್ಲಿ ಹಿಂಡು ಸಿಕ್ತು, ನಲವತ್ತೋ ಐವತ್ತೋ. ನಡುವೆ ಕಿವಿಗೆ ಹಳದಿ ಬಿಲ್ಲೆ ಚುಚ್ಚಿಸ್ಕೊಂಡು ನನ್ನ ಏಳನೇ ನಂಬರಿನವಳು. ಎಷ್ಟು ತುಂಬಿಕೊಂಡಿದ್ಲು ಗೊತ್ತಾ ಅಕ್ಕಾ, ಬೆನ್ನು ಮಿರಮಿರ ಅಂತಿತ್ತು. ಅವರ ಜೊತೆ ಅವರ ಹಾಗೇ ಮೇಯ್ತಿದ್ಲು. ನಮ್ಮ ಕಡೆ ತಿರುಗಿ ಕೂಡ ನೋಡಲಿಲ್ಲ. ತಿರುಗಿ ಕೂಡ...

ಆಗ ಕೂಗು ಬಂತು. ನಿನ್ನ ಮಗಳ ಬಾಯಿಂದ.

ಹಿಂಡು ಬಿಟ್ಟು ಓಡಿ ಬಂದ್ಲು ನನ್ನ ಕರು. ಕೊಂಬು ಬಂದಿದೆ, ಹಸುವಿನಷ್ಟು ಆಗಿದಾಳೆ, ಆದ್ರೆ ಬಂದಿದ್ದು ಬಾಟಲಿ ಹಾಲಿಗೆ. ತಲೆಯಿಂದ ಜೀಪಿನ ಬಾಗಿಲು ಗುದ್ದಿದ್ಲು. ಹಾಲು ಬರದಿದ್ರೆ ಕರು ಕೆಚ್ಚಲು ಗುದ್ದಲ್ವಾ, ಹಾಗೆ. ಚಾಲಕ ಹಿಂದಕ್ಕೆ ತಗೊಂಡ, ಅವಳು ಬಿಡಲಿಲ್ಲ. ಚಕ್ರ ಗುಂಡಿಗಿಳಿದು ಜೀಪು ವಾಲಿತು, ನಡು ಸೀಟಿನ ಹುಡುಗಿ ಉರುಳಿ ನೆಲಕ್ಕೆ ಬಿದ್ಲು. ರಕ್ಷಕ ಬಂದೂಕು ಎತ್ತಿದ. ಅವನದೇನು ತಪ್ಪು? ಒಂದೇ ಏಟು.

ವಿಚಾರಣೆ ಆಯ್ತು. ಯಾರಿಗೂ ತಿಳಿಯದ ಭಾಷೆಯಲ್ಲಿ ಹಿಂದಿನ ಸೀಟಿಂದ ಹೆಣ್ಣು ದನಿ ಕೂಗಿತು ಅಂದ್ರು. ಅಲ್ಲಿದ್ದದ್ದು ನಾವಿಬ್ಬರೇ. ನಾನು ಹೇಳಿದೆ: "ಅವಳಿನ್ನೂ ಚಿಕ್ಕವಳು, ಸಂತೋಷ ತಡೆಯೋಕಾಗದೆ ಕೂಗಿಬಿಟ್ಲು, ಕ್ಷಮಿಸಿ." ಅವಳು ನನ್ನ ಮುಖ ನೋಡಿದ್ಲು, ಅಷ್ಟೇ. ಬಾಯಿ ಬಿಟ್ಟು ಅಲ್ಲ ಅನ್ನಬಹುದಿತ್ತಲ್ಲ? ಅನ್ನಲಿಲ್ಲ. ನಿನಗೂ ಹೇಳಿಲ್ವಾ? ಎರಡು ವರ್ಷದಿಂದ ಒಂದು ಮಾತೂ? ಹಾಗಾದ್ರೆ ಈ ಕಾಗದ...? ಓ, ನೀನಾಗೇ ಬರೆಸಿದ್ದು. ಮಗಳ ಮೇಲೆ ಅಷ್ಟು ನಂಬಿಕೆ.

ಏನಂತ ಕೂಗಿದ್ಲು ಅಂತ ಕೇಳ್ತೀಯಾ? ಕೇಳಿಸ್ಕೋ ಹಾಗಾದ್ರೆ, ಮಾಡೇ ತೋರಿಸ್ತೀನಿ. ತುರ್ರ್... ಹೋ... ಹೋ... ಬಾರೇ ಹೊಟ್ಟೇಲಿ ಹುಟ್ಟದ ಮಗಳೇ...

ನೋಡು, ಈ ನಾಯಿ ಕೂಡ ಕಿವಿ ನಿಮಿರಿಸ್ತು.

ಯಾಕೆ ಹಾಗೆ ನೋಡ್ತೀಯ? ಹೌದು, ಅಮ್ಮ ಕರೂಗೆ ಕೂಗ್ತಿದ್ದದ್ದೇ. ಅದಕ್ಕೇನೀಗ? ನೀನೇ ಮಗಳಿಗೆ ಹೇಳಿಕೊಟ್ಟಿರ್ತೀಯ... ಇಲ್ವಾ? ಇಲ್ಲ. ನಿನಗೆ ಬರಲ್ಲ. ನಾಲಿಗೆ ಮಡಚಿ ಆ ತುರ್ರ್ ಅನ್ನೋದು ನಿನಗೆ ಯಾವತ್ತೂ ಬರಲಿಲ್ಲ. ಅಮ್ಮ ಹೋದಾಗ ನಿನ್ನ ಮಗಳಿನ್ನೂ ಹುಟ್ಟಿರಲಿಲ್ಲ.

ಬೈಯಿ ಅಕ್ಕಾ. ಬೈಯಿ.

ನಾಲ್ಕನೇ ದಿನ ಬೆರಳು ನೆಕ್ಕಲಿಲ್ಲ ಅವಳು. ಸಾಯ್ತಿದ್ಲು. ಸುತ್ತ ಯಾರೂ ಇರಲಿಲ್ಲ, ಒಂದು ಸಲ ಕೂಗಿದೆ. ಕುಡಿದ್ಲು. ಆಮೇಲೆ ದಿನಾ ಕೂಗಿದೆ. ಅವತ್ತು ಜೀಪಿನಲ್ಲಿ... ತಿರುಗಿ ಕೂಡ ನೋಡಲಿಲ್ಲ ಅಂದೆನಲ್ಲ. ಒಂದು ಸಲ ತಿರುಗಿ ನೋಡಲಿ ಅನ್ನಿಸ್ತು. ಇಷ್ಟೆಲ್ಲ ಮಾಡಿದವಳು ನಾನು, ನನ್ನ ಕಡೆ ಒಂದು ಸಲ.

ಪೆನ್ನಿನ ಮುಚ್ಚಳ ಯಾಕೆ ತೆಗೀತಿದ್ದೀಯ? ಸಹಿ ಹಾಕಿದ್ರೆ ಗೋಡೆ ಮೇಲಿರೋ ಆ ಓದಿನ ಸರ್ಟಿಫಿಕೇಟು ವಾಪಸ್ ಹೋಗುತ್ತೆ. ಅದಿಲ್ದೆ ಈ ಪ್ರಾಣಿ ಆರೈಕೆ ಕೇಂದ್ರಕ್ಕೆ ಪರವಾನಗಿ ಇಲ್ಲ. ಗೊತ್ತಾ ನಿನಗೆ?

ಗೊತ್ತು. ಆದ್ರೂ ಪೆನ್ನು ನನ್ನ ಕಡೆ ಹಿಡಿದುಕೊಂಡೇ ಇದ್ದೀಯ.

ಸರಿ, ಎಣಿಸ್ಕೋ. ಮೂರು ಕೋಣೆ. ಹನ್ನೆರಡು ಗೂಡು. ಬೀದಿ ಕಡೆಗೆ ನನ್ನ ಹೆಸರಿನ ಬೋರ್ಡು. ಇದೆಲ್ಲ ನಂದು, ಯಾರೂ ಕೊಟ್ಟಿದ್ದಲ್ಲ. ಇದಕ್ಕೆ ನಾನು ತೆತ್ತಿದ್ದು ಹೊಟ್ಟೇಲಿ ಹುಟ್ಟದ ಇಬ್ಬರು ಮಕ್ಕಳನ್ನ. ಒಬ್ಬಳು ಆ ಕೆರೆ ಅಂಚಲ್ಲಿ ಮಲಗಿದಾಳೆ. ಇನ್ನೊಬ್ಬಳು ಎರಡು ವರ್ಷದಿಂದ ನಿನ್ನ ಮನೇಲಿ ಬಾಯಿ ಬಿಡದೆ ಕೂತಿದಾಳೆ.